ಒಂದೇ ಮನೆತನ, ಮೂರು ತಲೆಮಾರು, ಒಂದು ವಾಟ್ಸ್‌ಆ್ಯಪ್ ಗ್ರೂಪ್: ಮುನಿಸು ಹುಟ್ಟುವುದು ಎಲ್ಲಿ?

ಜಗಳೂರಿನ ಕಡೆಯ ಹಳ್ಳಿಯೊಂದರಿಂದ 1980ರ ದಶಕದಲ್ಲಿ ಬೆಂಗಳೂರಿಗೆ ದುಡಿಯಲು ಹೋದ ಮಗನಿಂದ 15 ದಿನ ಸುದ್ದಿ ಬಾರದಿದ್ದರೆ ಮನೆಯವರು ಅದನ್ನು ಉದಾಸೀನವೆಂದು ತಿಳಿಯುತ್ತಿರಲಿಲ್ಲ. ಕಾಗದ ಬರೆಯಲು ಪುರುಸೊತ್ತು ಸಿಕ್ಕಿರಲಿಕ್ಕಿಲ್ಲ, ಬರೆದ ಕಾಗದ ದಾರಿಯಲ್ಲಿರಬಹುದು, ಅಂಚೆಯವನು ಈ ವಾರ ಊರೊಳಗೆ ಬಂದಿರಲಿಕ್ಕಿಲ್ಲ ಎಂದು ಮೂರು ನಾಲ್ಕು ಸಮಾಧಾನಗಳು ತಾವಾಗಿಯೇ ಒದಗುತ್ತಿದ್ದವು. ಇಂದು ಅದೇ ಊರಿನ ತಾಯಿಯೊಬ್ಬಳು ಬೆಳಿಗ್ಗೆ ಕಳಿಸಿದ ಸಂದೇಶಕ್ಕೆ ಎರಡು ನೀಲಿ ಗುರುತು ಬಿದ್ದು, ಸಂಜೆಯಾದರೂ ಉತ್ತರ ಬಾರದಿದ್ದರೆ, "ನೋಡ್ಯಾನೆ, ಆದ್ರೂ ಒಂದು ಮಾತು ಹಾಕ್ಲಿಲ್ಲ" ಎಂದು ನೊಂದುಕೊಳ್ಳುತ್ತಾಳೆ. ಮಗನ ಅಕ್ಕರೆ ಮೊದಲಿಗಿಂತ ಕಡಿಮೆಯಾಗಿದೆ ಎನ್ನಲು ಇದರಲ್ಲಿ ಆಧಾರವೇನೂ ಇಲ್ಲ. ಮೊದಲು ಮೌನಕ್ಕೆ ಹತ್ತು ಕಾರಣಗಳಿದ್ದವು. ಈಗ ತಾಯಿಯ ಕಣ್ಣಿಗೆ ಉಳಿದಿರುವುದು ಒಂದೇ, ಅದು ಮಗನ ಮನಸ್ಸು.

ಫೋನು ಮತ್ತು ಕುಟುಂಬದ ಕುರಿತ ಚರ್ಚೆ ನಮ್ಮಲ್ಲಿ ಸಾಮಾನ್ಯವಾಗಿ ಎರಡು ತೀರ್ಪುಗಳ ನಡುವೆ ತೂಗಾಡುತ್ತದೆ: ಅದು ದೂರದವರನ್ನು ಹತ್ತಿರ ತಂದಿತು ಎನ್ನುವುದು ಒಂದು, ಹತ್ತಿರದವರನ್ನು ದೂರ ಮಾಡಿತು ಎನ್ನುವುದು ಇನ್ನೊಂದು. ಎರಡರಲ್ಲೂ ಅರ್ಧ ನಿಜವಿದೆ, ಆದರೆ ಎರಡರಿಂದಲೂ ಹೆಚ್ಚೇನೂ ತಿಳಿಯುವುದಿಲ್ಲ. ಸಂಪರ್ಕದ ವ್ಯವಸ್ಥೆಯಲ್ಲಿ ಬದಲಾದದ್ದು ಏನು, ಆ ಬದಲಾವಣೆ ಅಜ್ಜಿಗೆ, ಅಪ್ಪನಿಗೆ, ಮೊಮ್ಮಗಳಿಗೆ ಬೇರೆ ಬೇರೆ ಬಗೆಯಲ್ಲಿ ಏಕೆ ತಟ್ಟುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು. ಹಾಗೆ ನೋಡಲು ದಾವಣಗೆರೆ, ಚಿತ್ರದುರ್ಗಗಳು ತಕ್ಕ ಜಾಗಗಳು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಚಿತ್ರದುರ್ಗದಿಂದ ಬೇರೆಯಾದರೂ ನೆಂಟಸ್ತಿಕೆಗಳು ಬೇರೆಯಾಗಲಿಲ್ಲ. ಎರಡೂ ಕಡೆಯ ಮನೆಗಳ ಒಂದು ತಲೆಮಾರು ಬೆಂಗಳೂರು ಸೇರಿತು. ದುರ್ಗದಿಂದ ಬೆಂಗಳೂರು ಸುಮಾರು 200 ಕಿ.ಮೀ., ದಾವಣಗೆರೆಯಿಂದ ಸುಮಾರು 260 ಕಿ.ಮೀ. ವಾರವಾರ ಬಂದುಹೋಗಲು ಇದು ದೂರ, ಹಬ್ಬಕ್ಕೆ ಬಾರದಿದ್ದರೆ ಬೈಸಿಕೊಳ್ಳುವಷ್ಟು ಹತ್ತಿರ. ಈ ಅಂತರದಲ್ಲಿ ಬದುಕುವ ಕುಟುಂಬಗಳು ಫೋನಿನ ಮೇಲೆ ಹೊರಿಸುವ ಭಾರ ದೊಡ್ಡದು.

ಮೊದಲು ದುಡ್ಡಿನ ಲೆಕ್ಕ. ಟ್ರಂಕ್ ಕಾಲ್ ಕಾಲದಲ್ಲಿ ದೂರದೂರಿನ ಕರೆಯನ್ನು ದೂರವಾಣಿ ಎಕ್ಸ್‌ಚೇಂಜಿನಲ್ಲಿ ಬುಕ್ ಮಾಡಿ ಕಾಯಬೇಕಾಗಿತ್ತು, ಶುಲ್ಕ 3 ನಿಮಿಷಗಳ ಲೆಕ್ಕದಲ್ಲಿ ಬೀಳುತ್ತಿತ್ತು, ಮತ್ತು ಫೋನು ಇರುತ್ತಿದ್ದುದು ಮಂಡಿ ಮಾಲೀಕರ ಮನೆಯಲ್ಲೋ ಮಿಲ್ಲಿನ ಆಫೀಸಿನಲ್ಲೋ ಮಾತ್ರ. ಅಂಥ ಫೋನಿಗೆ ನಮ್ಮ ಹೆಸರು ಹಿಡಿದು ಕರೆ ಬಂದಿದೆಯೆಂದರೆ ಕಾರಣ ಸಣ್ಣದಾಗಿರಲು ಸಾಧ್ಯವಿರಲಿಲ್ಲ. ಟೆಲಿಗ್ರಾಂ ಅಂತೂ ಸಾವಿನ ಸುದ್ದಿಗೇ ಮೀಸಲು ಎಂಬಷ್ಟು ಭಯ ಹುಟ್ಟಿಸುತ್ತಿತ್ತು. ಆ ಸೇವೆ 2013ರ ಜುಲೈನಲ್ಲಿ ನಿಂತಿತಾದರೂ ಭಯ ನಿಲ್ಲಲಿಲ್ಲ. ರಾತ್ರಿ 10ರ ನಂತರ ಫೋನು ಬಡಿದುಕೊಂಡರೆ ಇಂದಿಗೂ ಎದೆ ಹಿಡಿದುಕೊಂಡು ಏಳುವ ಅಜ್ಜಿ, ಮೊಮ್ಮಗ ಸುಮ್ಮನೆ ಮಾತಾಡಲು ಕರೆ ಮಾಡಿದ್ದಾನೆಂದು ತಿಳಿದ ಮೇಲೆ ಸಂತೋಷಪಡುವ ಬದಲು ಸಿಡುಕುವುದು ಈ ಕಾರಣಕ್ಕೆ.

ಅವಳ ಮಕ್ಕಳ ತಲೆಮಾರು ಬೆಳೆದದ್ದು, ದೂರದೂರಿಗೆ ನೇರವಾಗಿ ಕರೆ ಮಾಡಬಹುದಾಗಿದ್ದ ಎಸ್‌ಟಿಡಿ ಬೂತಿನ ನೆರಳಿನಲ್ಲಿ. ದೇಶೀಯ ಎಕ್ಸ್‌ಚೇಂಜುಗಳನ್ನು ರೂಪಿಸಲು 1984ರಲ್ಲಿ ಸಿ-ಡಾಟ್ ಸಂಸ್ಥೆ ಆರಂಭವಾಯಿತು. ದೂರಸಂಪರ್ಕ ತಂತ್ರಜ್ಞ ಸ್ಯಾಮ್ ಪಿತ್ರೋಡಾ ಅವರ ಮುಂದಾಳತ್ವದ ಆ ಅವಧಿಯ ಕೆಲಸದಿಂದಾಗಿ ಬಸ್ ನಿಲ್ದಾಣ, ಹಾಸ್ಟೆಲು, ಆಸ್ಪತ್ರೆಗಳ ಬದಿಯಲ್ಲಿ ಹಳದಿ ಬೋರ್ಡಿನ ಬೂತುಗಳು ಎದ್ದವು. ದಾವಣಗೆರೆಯ ಕಾಲೇಜುಗಳಲ್ಲಿ ಓದಲು ಬಂದ ಹುಡುಗರು ದರ ಇಳಿಯುವ ರಾತ್ರಿಯ ಹೊತ್ತಿಗಾಗಿ ಬೂತಿನ ಮುಂದೆ ಸಾಲು ನಿಲ್ಲುತ್ತಿದ್ದರು. ಒಳಗೆ ಹೋದರೆ ಕಣ್ಣೆದುರೇ ಮೀಟರಿನ ಕೆಂಪು ಅಂಕಿಗಳು ಓಡುತ್ತಿದ್ದವು. ಆದುದರಿಂದ ಮಾತನ್ನು ಮೊದಲೇ ಜೋಡಿಸಿಟ್ಟುಕೊಂಡು ಹೋಗಿ, "ಎಲ್ಲಾ ಆರಾಮು, ದುಡ್ಡು ಬಂತು, ಇಡ್ಲಾ?" ಎಂದು ಮುಗಿಸುವುದನ್ನು ಆ ತಲೆಮಾರು ಕಲಿತಿತು. ಇಂದು ಕರೆ ಎಷ್ಟು ಹೊತ್ತಿನದಾದರೂ ದರ ಒಂದೇ ಎಂದು ಗೊತ್ತಿದ್ದೂ ಅಪ್ಪ 40 ಸೆಕೆಂಡಿನಲ್ಲಿ ಮಾತು ಮುಗಿಸಿ ಫೋನಿಟ್ಟುಬಿಡುತ್ತಾರೆ. ಮಗಳಿಗೆ ಅದು ಒಣ ಮಾತೆನಿಸುತ್ತದೆ. ಅಪ್ಪನ ಮಟ್ಟಿಗೆ ಅಗತ್ಯವಾದದ್ದೆಲ್ಲವನ್ನೂ ಹೇಳಿಯಾಗಿದೆ, ಓಡುವ ಮೀಟರು ಮಾತ್ರ ಈಗ ಕಣ್ಣೆದುರು ಇಲ್ಲದೆ ತಲೆಯೊಳಗಿದೆ.

ಭಾರತದ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ಕಲ್ಕತ್ತಾ ಮತ್ತು ದೆಹಲಿಯ ನಡುವೆ ನಡೆಯಿತು. ಆದರೆ ಕುಟುಂಬಗಳ ದೃಷ್ಟಿಯಿಂದ ಹೆಚ್ಚು ಮುಖ್ಯವಾದ ದಿನಾಂಕ 2003ರ ಮೇ, ಏಕೆಂದರೆ ಆಗಿನಿಂದ ಕರೆ ಮಾಡಿದವರು ಮಾತ್ರ ಹಣ ಕೊಡಬೇಕೆಂಬ ನಿಯಮ ಜಾರಿಗೆ ಬಂದು, ಬರುವ ಕರೆ ಉಚಿತವಾಯಿತು. ಹಳ್ಳಿಯ ಅಪ್ಪನ ಜೇಬಿನಲ್ಲಿ ಮೊಬೈಲ್ ಇರಲು ಅರ್ಥ ಬಂದದ್ದು ಅಂದಿನಿಂದ. ಕರೆನ್ಸಿ ಹಾಕಿಸುವ ಶಕ್ತಿಯಿಲ್ಲದವರು ಮಿಸ್ ಕಾಲ್ ಕೊಟ್ಟರು. ಎತ್ತದ ಕರೆಗೆ ದುಡ್ಡಿಲ್ಲ ಎಂಬ ಒಂದೇ ಒಂದು ಸಂದಿಯಲ್ಲಿ ಜನ ಒಂದು ಸಂಕೇತವ್ಯವಸ್ಥೆಯನ್ನೇ ಕಟ್ಟಿಕೊಂಡರು: ಒಂದು ರಿಂಗಾದರೆ ತಲುಪಿದ್ದೇನೆ, ಎರಡಾದರೆ ನೀವೇ ಕರೆ ಮಾಡಿ. ದುಡಿಯುವ ಮಗ ತಿರುಗಿ ಕರೆ ಮಾಡಬೇಕು, ಓದುವ ತಮ್ಮ ಮಿಸ್ ಕಾಲ್ ಕೊಡಬಹುದು ಎಂಬ ರೂಢಿಯಲ್ಲಿ ಮನೆಯೊಳಗಿನ ಹಿರಿತನ, ಹೊಣೆಗಳೆಲ್ಲ ಅಡಕವಾಗಿದ್ದವು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಕರೆಗೆ ಬೇರೆ ದರವೇ ಇಲ್ಲದಂತೆ ಮಾಡಿ, ಡೇಟಾ ಬೆಲೆಯನ್ನೂ ಕುಸಿಯುವಂತೆ ಮಾಡಿದ ಮೇಲೆ ಆ ಸಂಕೇತಗಳೆಲ್ಲ ಸವೆದುಹೋದವು. ದರ ಹೋದದ್ದರ ಜೊತೆಗೆ, ದರದ ಮೇಲೆ ಹಾಕಬಹುದಾಗಿದ್ದ ತಪ್ಪೂ ಹೋಯಿತು.

ಇದರ ಪರಿಣಾಮವನ್ನು ವ್ಯವಸ್ಥಿತವಾಗಿ ವಿವರಿಸಿದವರು ಮಿರ್ಕಾ ಮದಿಯಾನು ಮತ್ತು ಡೇನಿಯಲ್ ಮಿಲ್ಲರ್ ಎಂಬ ಇಬ್ಬರು ಸಂಶೋಧಕರು. ಬ್ರಿಟನ್ನಿನಲ್ಲಿ ದುಡಿಯುವ ಫಿಲಿಪೀನ್ಸ್ ದೇಶದ ತಾಯಂದಿರನ್ನೂ ಊರಲ್ಲಿ ಉಳಿದ ಅವರ ಮಕ್ಕಳನ್ನೂ ಅವರು ಅಧ್ಯಯನ ಮಾಡಿದರು. ಅವರ ವಾದದ ತಿರುಳು ಹೀಗಿದೆ: ಸಂಪರ್ಕದ ಸಾಧನ ಒಂದೇ ಇದ್ದಾಗ, ಅದೂ ದುಬಾರಿಯಾಗಿದ್ದಾಗ, ಯಾವ ಸಾಧನ ಬಳಸಿದರು ಎಂಬುದಕ್ಕೆ ವಿಶೇಷ ಅರ್ಥವಿರುವುದಿಲ್ಲ. ಕರೆ, ಸಂದೇಶ, ಧ್ವನಿ, ವಿಡಿಯೊ ಎಲ್ಲವೂ ಒಂದೇ ಫೋನಿನಲ್ಲಿ, ಹೆಚ್ಚುಕಡಿಮೆ ಒಂದೇ ಬೆಲೆಗೆ ಸಿಗುವಾಗ ಮಾತ್ರ, ಅವುಗಳಲ್ಲಿ ಯಾವುದನ್ನು ಆರಿಸಿಕೊಂಡರು ಎಂಬುದಕ್ಕೇ ನೈತಿಕ ತೂಕ ಬರುತ್ತದೆ. ಹೇಳಿದ ವಿಷಯಕ್ಕಿಂತ ಹೇಳಿದ ಬಗೆ ಹೆಚ್ಚು ಮಾತಾಡತೊಡಗುತ್ತದೆ. ಆ ಅಧ್ಯಯನ ಕಂಡುಕೊಂಡ ಇನ್ನೊಂದು ಸಂಗತಿಯೂ ನೆನಪಿಡತಕ್ಕದ್ದು: ಸಂಪರ್ಕ ಸುಲಭವಾದಾಗ ತಾಯಂದಿರು ಮಕ್ಕಳ ಬಳಿ ಮತ್ತೆ ತಾಯ್ತನ ನಡೆಸುತ್ತಿದ್ದೇವೆಂದು ಸಮಾಧಾನಪಟ್ಟರೆ, ಮಕ್ಕಳಲ್ಲಿ ಹಲವರಿಗೆ ಅದೇ ಸಂಪರ್ಕ ಕಣ್ಗಾವಲಿನಂತೆ ಕಂಡಿತು. ಒಂದೇ ಕರೆಯನ್ನು ಎರಡು ತುದಿಯಲ್ಲಿ ಇದ್ದವರು ಒಂದೇ ರೀತಿ ಅನುಭವಿಸುತ್ತಾರೆಂದು ಭಾವಿಸುವಂತಿಲ್ಲ.

ನಮ್ಮ ಕಡೆಯ ಮದುವೆ ಕರೆಯೋಲೆಯನ್ನು ತೆಗೆದುಕೊಂಡರೆ ಈ ಮಾತು ತಕ್ಷಣ ಅರ್ಥವಾಗುತ್ತದೆ. ಸೋದರಮಾವನ ಮನೆಗೆ ಗಂಡ-ಹೆಂಡತಿ ಜೊತೆಯಾಗಿ ಹೋಗಿ, ಕುಂಕುಮ ಕೊಟ್ಟು, ಲಗ್ನಪತ್ರಿಕೆ ಕೈಗಿಟ್ಟು ಕರೆಯುವುದು ಮೊದಲ ದರ್ಜೆ. ದೂರದವರಿಗೆ ಫೋನು ಮಾಡಿ, ಪತ್ರಿಕೆಯ ಫೋಟೊವನ್ನು ಅವರ ನಂಬರಿಗೇ ಕಳಿಸುವುದು ಎರಡನೆಯದು. ಗ್ರೂಪಿಗೆ ಹಾಕಿ "ಇದನ್ನೇ ಖುದ್ದು ಆಹ್ವಾನವೆಂದು ಭಾವಿಸಿ" ಎಂದು ಬರೆಯುವುದು ಕೊನೆಯದು. ಮೊದಲು ಹೊಳಲ್ಕೆರೆಯಿಂದ ಹರಿಹರಕ್ಕೆ ಬರಲಾಗದಿದ್ದರೆ ಪತ್ರಿಕೆಯನ್ನು ಅಂಚೆಗೆ ಹಾಕಿದರೂ ನಡೆಯುತ್ತಿತ್ತು, ಏಕೆಂದರೆ ಬಡತನವೋ ಬಸ್ಸಿನ ಕೊರತೆಯೋ ನೆಪವಾಗಿ ನಿಲ್ಲುತ್ತಿತ್ತು. ಈಗ ಮನೆ ಮುಂದೆ ಬೈಕೂ ಕೈಯಲ್ಲಿ ಫೋನೂ ಇರುವಾಗ, "ಮೊಬೈಲ್‌ನಾಗೆ ಕರೆದಾರೆ" ಎಂಬ ಒಂದು ಮಾತಿಗೆ ಮದುವೆಗೇ ಹೋಗದ ಹಿರಿಯರನ್ನು ಎಲ್ಲ ಮನೆತನಗಳಲ್ಲೂ ಕಾಣಬಹುದು.

ತೊಡಕಿರುವುದು ಎಲ್ಲಿ ಎಂದರೆ, ಈ ದರ್ಜೆಗಳ ಕ್ರಮ ಎಲ್ಲ ತಲೆಮಾರಿಗೂ ಒಂದೇ ಆಗಿಲ್ಲ. ಅಜ್ಜಿಗೆ ಕರೆ ಎಂದರೆ ಮರ್ಯಾದೆ, ಸಂದೇಶ ಎಂದರೆ ಕೈತೊಳೆದುಕೊಂಡದ್ದು. ಇಪ್ಪತ್ತರ ಹರೆಯದ ಮೊಮ್ಮಗಳಿಗೆ ಮುಂಚೆ ತಿಳಿಸದೆ ಕರೆ ಮಾಡುವುದು ಬಾಗಿಲು ತಟ್ಟದೆ ಕೋಣೆಗೆ ನುಗ್ಗಿದಂತೆ. ಎದುರಿನವರು ತಮಗೆ ಬಿಡುವಾದಾಗ ಓದಿಕೊಳ್ಳಲಿ ಎಂದು ಸಂದೇಶ ಕಳಿಸುವುದೇ ಅವಳ ಲೆಕ್ಕದಲ್ಲಿ ಸಭ್ಯತೆ. ಅಜ್ಜಿಯ ಕರೆಯನ್ನು ಕತ್ತರಿಸಿ, "ಹೇಳಿ ಅಜ್ಜಿ, ಏನು?" ಎಂದು ಅವಳು ಬರೆದು ಕಳಿಸಿದಾಗ ಇಬ್ಬರೂ ತಮ್ಮ ತಮ್ಮ ನಿಯಮದ ಪ್ರಕಾರ ಸರಿಯಾಗಿಯೇ ನಡೆದುಕೊಂಡಿರುತ್ತಾರೆ. ನಡುವಿನ ತಲೆಮಾರಿನವರು ಎರಡೂ ನಿಯಮ ಬಲ್ಲವರು. ಆದುದರಿಂದ ಈ ಕಡೆಯ ಅರ್ಥವನ್ನು ಆ ಕಡೆಗೆ ಬಿಡಿಸಿ ಹೇಳುವ ಕೆಲಸ ಅವರ ಪಾಲಿಗೆ ಬಿದ್ದಿದೆ, ಅದರಲ್ಲೂ ಹೆಚ್ಚಾಗಿ ಅಮ್ಮಂದಿರ ಪಾಲಿಗೆ.

ನೀಲಿ ಗುರುತಿನ ಕುರಿತು ಸ್ವಲ್ಪ ತಾಂತ್ರಿಕ ವಿವರ ಇಲ್ಲಿ ಉಪಯುಕ್ತ. ಒಂದು ಗುರುತು ಬಿದ್ದರೆ ಸಂದೇಶ ನಿಮ್ಮ ಫೋನಿನಿಂದ ಹೊರಟಿದೆ, ಎರಡು ಬಿದ್ದರೆ ಎದುರಿನವರ ಫೋನನ್ನು ತಲುಪಿದೆ, ಎರಡೂ ನೀಲಿಯಾದರೆ ಸಂದೇಶದ ಪುಟವನ್ನು ತೆರೆಯಲಾಗಿದೆ. ತೆರೆದವರು ಓದಿ ಮನಸ್ಸಿಗೆ ತೆಗೆದುಕೊಂಡರೇ, ಬಸ್ಸಿನಲ್ಲಿ ನಿಂತು ಬೆರಳು ತಾಗಿಸಿದರೇ ಎಂಬುದು ಅದಕ್ಕೆ ಗೊತ್ತಿಲ್ಲ. 2014ರ ನವೆಂಬರಿನಲ್ಲಿ ವಾಟ್ಸ್‌ಆ್ಯಪ್ ತಂದ ಈ ವ್ಯವಸ್ಥೆಯನ್ನು ಬೇಡವೆಂದರೆ ಮುಚ್ಚಿಡಬಹುದು, ಆದರೆ ಪೂರ್ತಿಯಾಗಿ ಆಗುವುದಿಲ್ಲ: ಗ್ರೂಪಿನ ಸಂದೇಶಗಳಿಗೆ ಮತ್ತು ಧ್ವನಿ ಸಂದೇಶ ಕೇಳಿದ್ದಕ್ಕೆ ಗುರುತು ಬಿದ್ದೇ ಬೀಳುತ್ತದೆ. ಹಾಗೆಂದು ಈ ಗುರುತುಗಳು ಮನೆಗೆ ಬರೀ ಕೇಡನ್ನೇ ತಂದಿವೆ ಎನ್ನಲಾಗದು. ಹಿರಿಯೂರಿನಲ್ಲಿ ಒಬ್ಬರೇ ಇರುವ ತಾಯಿ ಬೆಳಿಗ್ಗೆ 5.40ಕ್ಕೆ ವಾಟ್ಸ್‌ಆ್ಯಪ್ ನೋಡಿದ್ದಾರೆ ಎಂಬುದನ್ನು 'ಲಾಸ್ಟ್ ಸೀನ್' ತೋರಿಸಿದರೆ, ಬೆಂಗಳೂರಿನ ಮಗಳಿಗೆ ಅಮ್ಮ ಎದ್ದಿದ್ದಾರೆ, ಆರಾಮಾಗಿದ್ದಾರೆ ಎಂದು ತಿಳಿಯುತ್ತದೆ. ಕರೆ ಮಾಡಿ ನಿದ್ದೆ ಕೆಡಿಸುವ ಅಗತ್ಯ ಬೀಳುವುದಿಲ್ಲ. ಮಾತಿಲ್ಲದೆಯೇ ಒಬ್ಬರಿನ್ನೊಬ್ಬರ ಇರವನ್ನು ಬಲ್ಲವರಾಗಿರುವುದು ಒಂದೇ ಸೂರಿನಡಿ ಇದ್ದಾಗ ಸಹಜವಾಗಿ ನಡೆಯುವ ಸಂಗತಿ. ದೂರದಲ್ಲಿದ್ದುಕೊಂಡು ಅದನ್ನು ಪಡೆಯುವ ದಾರಿ ಕಾಗದದ ಕಾಲಕ್ಕೂ ಇರಲಿಲ್ಲ, ಎಸ್‌ಟಿಡಿಯ ಕಾಲಕ್ಕೂ ಇರಲಿಲ್ಲ.

ದರದಷ್ಟೇ ದೊಡ್ಡದಾದ, ಆದರೆ ಅಷ್ಟಾಗಿ ಯಾರೂ ಗಮನಿಸದ ಇನ್ನೊಂದು ಬದಲಾವಣೆಯಿದೆ. ಮೊದಲು ಫೋನ್ ನಂಬರು ಮನೆಗೆ ಸೇರಿದ್ದಾಗಿತ್ತು, ಈಗ ವ್ಯಕ್ತಿಗೆ ಸೇರಿದ್ದು. ನಡುಮನೆಯ ಗೂಡಿನಲ್ಲಿ, ಕಸೂತಿ ಬಟ್ಟೆ ಹೊದ್ದು ಕುಳಿತಿರುತ್ತಿದ್ದ ಲ್ಯಾಂಡ್‌ಲೈನ್ ಬಡಿದುಕೊಂಡಾಗ ಎತ್ತುವವರು ಯಾರೆಂದು ಕರೆ ಮಾಡಿದವರಿಗೆ ಗೊತ್ತಿರುತ್ತಿರಲಿಲ್ಲ. ಅಮ್ಮನೊಂದಿಗೆ ಮಾತಾಡಲು ಕರೆ ಮಾಡಿದ ಮಗಳು ಮೊದಲು ಅತ್ತಿಗೆಯ ಬಳಿ ಮಗುವಿನ ಜ್ವರ ವಿಚಾರಿಸಿ, ಅಜ್ಜನ ಕೈಗೆ ಹೋದ ಫೋನಿನಲ್ಲಿ ಮಳೆಬೆಳೆಯ ವರದಿ ಕೇಳಿ, ಚಿಕ್ಕಪ್ಪನ ಹಾಸ್ಯ ದಾಟಿ ಆಮೇಲೆ ಅಮ್ಮನನ್ನು ತಲುಪುತ್ತಿದ್ದಳು. ಯಾರೂ ಉದ್ದೇಶಪಟ್ಟು ಆಡದ ಈ ಮಾತುಗಳೇ ಅತ್ತಿಗೆ-ನಾದಿನಿ, ಚಿಕ್ಕಪ್ಪ-ಮಗಳಂಥ ಅಡ್ಡ ಸಂಬಂಧಗಳನ್ನು ಹಸಿಯಾಗಿಡುತ್ತಿದ್ದವು. ಈಗ ಕರೆ ನೇರ ಅಮ್ಮನ ಕೈಗೆ ಹೋಗುತ್ತದೆ. ತಾಯಿ-ಮಗಳ ನಂಟು ಹಿಂದೆಂದಿಗಿಂತ ಗಟ್ಟಿಯಾಗಿದೆ. ಚಿಕ್ಕಪ್ಪನ ಜೊತೆ ಮಾತಾಡಿ ಆರು ತಿಂಗಳಾಗಿರುತ್ತದೆ, ಯಾವ ಮುನಿಸೂ ಇಲ್ಲದೆ.

ತವರಿನ ವಿಚಾರದಲ್ಲಿ ಈ ಬದಲಾವಣೆ ಇನ್ನೂ ಆಳಕ್ಕಿಳಿದಿದೆ. ಮದುವೆಯಾಗಿ ಹೋದ ಹೆಣ್ಣುಮಗಳು ತವರಿನ ಮುಖ ನೋಡಲು ನಾಗರ ಪಂಚಮಿಗೋ ದೀಪಾವಳಿಗೋ ಅಣ್ಣ ಕರೆಯಲು ಬರುವವರೆಗೆ ಕಾಯುತ್ತಿದ್ದ ಕಾಲದಲ್ಲಿ, ಗಂಡನ ಮನೆಯ ಕಷ್ಟ ಹೇಳಿಕೊಳ್ಳಲು ಅವಳಿಗೆ ಕಿವಿಯಿರಲಿಲ್ಲ. ಲ್ಯಾಂಡ್‌ಲೈನಿನಲ್ಲಿ ಹೇಳಿಕೊಂಡರೆ ಅದು ಇಡೀ ನಡುಮನೆಗೆ ಕೇಳಿಸುತ್ತಿತ್ತು. ಸ್ವಂತ ಮೊಬೈಲ್ ಬಂದ ಮೇಲೆ, ಮಧ್ಯಾಹ್ನ ರೊಟ್ಟಿ ಬಡಿದು ಮುಗಿದ ಹೊತ್ತಿಗೆ ಹಿತ್ತಲಿನಲ್ಲಿ ನಿಂತು ಅವ್ವನ ಬಳಿ ದಿನವೂ ಮಾತಾಡಬಹುದು. "ಸೊಸೆಯ ಸಂಸಾರ ತವರಿಂದಲೇ ನಡೀತೈತೆ" ಎಂಬ ಅತ್ತೆಯ ದೂರು ಹುಟ್ಟಿದ್ದು ಇಲ್ಲಿಂದ. ಆ ದೂರಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ, ಆದರೆ ಒಬ್ಬಂಟಿಯಾಗಿ ನುಂಗಿಕೊಂಡಿರಬೇಕಾದದ್ದನ್ನು ಹೇಳಿಕೊಳ್ಳಲು ಒಂದು ದಾರಿ ಸಿಕ್ಕದ್ದು ಅದಕ್ಕಿಂತ ದೊಡ್ಡ ಸಂಗತಿ. ಎಲ್ಲರಿಗೂ ಆ ದಾರಿ ಸಿಕ್ಕಿಲ್ಲ ಎಂಬುದನ್ನೂ ಮರೆಯಬಾರದು: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ತಾವೇ ಬಳಸುವ ಮೊಬೈಲ್ ಇದ್ದವರು ಸುಮಾರು ಶೇ. 54 ಮಾತ್ರ.

ಇನ್ನು ಕಿವಿಯ ವಿಷಯ. ಅಜ್ಜ ಫೋನಿನಲ್ಲಿ ಕಿರುಚುತ್ತಾರೆ, ಕೇಳಿದ್ದಕ್ಕೆ ಏನೋ ಒಂದು ಉತ್ತರ ಕೊಡುತ್ತಾರೆ, ಎರಡು ಮಾತಿಗೇ ಫೋನನ್ನು ಅಜ್ಜಿಗೆ ದಾಟಿಸುತ್ತಾರೆ ಎಂದು ಮೊಮ್ಮಕ್ಕಳು ನಗುತ್ತಾರೆ. ಇದಕ್ಕೆ ದೇಹದ ಕಾರಣವಿದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಕಂಪನಾಂಕದ ಧ್ವನಿಗಳನ್ನು. ಸ, ಶ, ಚ ಮುಂತಾದ ವ್ಯಂಜನಗಳ ಗುರುತು ಇರುವುದು ಅಲ್ಲೇ. ಹಳೆಯ ದೂರವಾಣಿ ವ್ಯವಸ್ಥೆ ಸಾಗಿಸುತ್ತಿದ್ದುದು ಸುಮಾರು 300ರಿಂದ 3,400 ಹರ್ಟ್ಜ್‌ವರೆಗಿನ ಧ್ವನಿಯನ್ನು ಮಾತ್ರ, ಆದುದರಿಂದ ಕಿವಿ ಕಳೆದುಕೊಂಡಿದ್ದರ ಮೇಲೆ ಫೋನೂ ಒಂದಿಷ್ಟು ಕಳೆಯುತ್ತಿತ್ತು. 4ಜಿ ಜಾಲದ ಮೇಲೆ ನಡೆಯುವ ಈಗಿನ ಕರೆಗಳು ಸುಮಾರು 7,000 ಹರ್ಟ್ಜ್‌ವರೆಗೂ ಸಾಗಿಸಬಲ್ಲವು, ಆದರೆ ಎರಡೂ ಕಡೆಯ ಫೋನು ಮತ್ತು ಜಾಲ ಅದಕ್ಕೆ ಒಪ್ಪಬೇಕು. ಹಳೆಯ ಬಟನ್ ಫೋನಿನಲ್ಲಿ ಮಾತಾಡುವ ಅಜ್ಜನಿಗೆ ಆ ಲಾಭ ಸಿಗದಿರಬಹುದು. ಜೋರಾಗಿ ಕೂಗುವುದರಿಂದ ಹೆಚ್ಚು ಪ್ರಯೋಜನವಿಲ್ಲ, ಏಕೆಂದರೆ ಕಡಿಮೆಯಾಗಿರುವುದು ಧ್ವನಿಯ ಗಾತ್ರಕ್ಕಿಂತ ಅದರ ಸ್ಪಷ್ಟತೆ. ನಿಧಾನವಾಗಿ, ಪದ ಬಿಡಿಸಿ ಹೇಳಿದರೆ ಅದೇ ಅಜ್ಜ ಹತ್ತು ನಿಮಿಷ ಮಾತಾಡುತ್ತಾರೆ.

ವಿಡಿಯೊ ಕರೆಯಲ್ಲಿ ತುಟಿಯ ಚಲನೆ ಕಾಣುವುದರಿಂದ ಕಿವಿ ಮಂದವಾದವರಿಗೆ ಅನುಕೂಲ ಹೆಚ್ಚು. ವಾಟ್ಸ್‌ಆ್ಯಪ್‌ನಲ್ಲಿ 2016ರ ನವೆಂಬರಿನಲ್ಲಿ ಬಂದ ಈ ಸೌಲಭ್ಯವನ್ನು ನಮ್ಮ ಅಜ್ಜಿಯರು ಬೇರೆ ಯಾವುದಕ್ಕಿಂತ ಬೇಗ ಅಪ್ಪಿಕೊಂಡರು, ಆದರೂ ರೂಢಿ ಸುಲಭವಾಗಿ ಬಿಡುವುದಿಲ್ಲ. ಕರೆ ಬಂದೊಡನೆ ಅಜ್ಜಿ ಫೋನನ್ನು ಕಿವಿಗೊತ್ತಿಕೊಳ್ಳುತ್ತಾರೆ, ಆ ತುದಿಯಲ್ಲಿ ಪರದೆಯ ತುಂಬ ಒಂದು ಬೆಂಡೋಲೆ ಮತ್ತು ನೆರೆತ ಕೂದಲು, "ಅಜ್ಜಿ, ಬರೀ ಕಿವಿ ಕಾಣ್ತಿದೆ, ಮುಂದೆ ಹಿಡ್ಕೊ" ಎಂಬ ಕೂಗು. ಆಮೇಲೆ ಫೋನನ್ನು ಮಂಡಕ್ಕಿ ಡಬ್ಬಕ್ಕೆ ಆನಿಸಿಟ್ಟು ಅಜ್ಜಿ ಅವರೆಕಾಯಿ ಸುಲಿಯುತ್ತಾ ಕೂರುತ್ತಾರೆ. ಬೆಂಗಳೂರಿನ ಮೊಮ್ಮಗು ಅರ್ಧ ಗಂಟೆ ಅಲ್ಲೇ ಆಡಿಕೊಳ್ಳುತ್ತದೆ, ನಡುವೆ ಒಮ್ಮೆ ಗೊಂಬೆ ತೋರಿಸುತ್ತದೆ, ಅಜ್ಜಿ ಒಂದು ಕಾಳು ತೋರಿಸುತ್ತಾರೆ. ಮಾತು ನಾಲ್ಕೇ ಆದರೂ ಇದು ನನ್ನ ದೃಷ್ಟಿಯಲ್ಲಿ ವಿಡಿಯೊ ಕರೆಯ ಅತ್ಯುತ್ತಮ ಬಳಕೆ. ಒಂದೂವರೆ ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೆಂದು 2016ರಲ್ಲಿ ಸಲಹೆ ನೀಡಿದ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಕೂಡ ವಿಡಿಯೊ ಕರೆಗೆ ಮಾತ್ರ ವಿನಾಯಿತಿ ಕೊಟ್ಟಿತ್ತು. ಎದುರಿನ ಮುಖ ಮಗುವಿಗೆ ಪ್ರತಿಕ್ರಿಯಿಸುತ್ತದೆ ಎಂಬುದೇ ಕಾರ್ಟೂನಿಗೂ ಅಜ್ಜಿಗೂ ಇರುವ ವ್ಯತ್ಯಾಸ.

ಆದರೆ ದೊಡ್ಡವರ ನಡುವಿನ ವಿಡಿಯೊ ಕರೆ ದಣಿವು ತರುತ್ತದೆ, ಅದಕ್ಕೂ ಕಾರಣ ಸ್ಪಷ್ಟ. ಬೇರೆ ಬೇರೆ ಖಂಡಗಳ 10 ಭಾಷೆಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಂತೆ, ಒಬ್ಬರ ಮಾತು ಮುಗಿದು ಇನ್ನೊಬ್ಬರ ಮಾತು ಆರಂಭವಾಗುವ ನಡುವಿನ ಸರಾಸರಿ ಅಂತರ ಸೆಕೆಂಡಿನ ಐದನೇ ಒಂದು ಭಾಗದಷ್ಟು. ಕರೆಯ ಧ್ವನಿ ಒಂದು ತುದಿಯಿಂದ ಇನ್ನೊಂದಕ್ಕೆ ತಲುಪಲು 150 ಮಿಲಿಸೆಕೆಂಡ್ ಮೀರಬಾರದೆಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ನೆಟ್‌ವರ್ಕ್ ಎರಡು ಗೆರೆ ಮಾತ್ರ ತೋರಿಸುವ ಮೊಳಕಾಲ್ಮೂರಿನ ಕಡೆಯ ಹಳ್ಳಿಯಲ್ಲಿ ಅದು ಎಷ್ಟೋ ಬಾರಿ ಮೀರುತ್ತದೆ. ಆಗ ಇಬ್ಬರೂ ಒಟ್ಟಿಗೆ ಮಾತಾಡಿ ಒಟ್ಟಿಗೆ ನಿಲ್ಲಿಸುತ್ತಾರೆ, "ಯಾಕೆ ಇಷ್ಟು ಕಷ್ಟಪಟ್ಟು ಮಾತಾಡ್ತೀಯ?" ಎಂದು ಅಮ್ಮ ಕೇಳುವಾಗ ತಡವಾದದ್ದು ಜಾಲ ಎಂದು ಇಬ್ಬರಿಗೂ ಹೊಳೆಯುವುದಿಲ್ಲ. ಕ್ಯಾಮೆರಾ ಪರದೆಯ ಮೇಲ್ತುದಿಯಲ್ಲಿರುವುದರಿಂದ ಮುಖ ನೋಡಿ ಮಾತಾಡಿದರೂ ಕಣ್ಣು ತಪ್ಪಿಸಿದಂತೆ ಕಾಣುತ್ತದೆ.

ಅಕ್ಷರದ ಕಂದಕ ಇವೆಲ್ಲಕ್ಕಿಂತ ಮೌನವಾದದ್ದು. ಅಜ್ಜ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಬಲ್ಲ ಕನ್ನಡಿಗರು, ಆದರೆ ಮೊಮ್ಮಗ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಅವರಿಗೆ ಒಡೆಯದ ಒಗಟು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮೊಮ್ಮಗನಿಗೆ ಅಜ್ಜ ಕನ್ನಡದಲ್ಲಿ ಬರೆದದ್ದನ್ನು ಓದಲು ಕಾಗುಣಿತ ಕೂಡಿಸಬೇಕು. ಇಬ್ಬರೂ ಸಲೀಸಾಗಿ ಮಾತಾಡುವುದು ಒಂದೇ ಭಾಷೆ. ಆದ್ದರಿಂದ 2013ರಲ್ಲಿ ವಾಟ್ಸ್‌ಆ್ಯಪ್‌ಗೆ ಬಂದ ಧ್ವನಿ ಸಂದೇಶ ನಮ್ಮ ಮನೆಗಳಲ್ಲಿ ತಲೆಮಾರುಗಳ ನಡುವಿನ ಮುಖ್ಯ ಸೇತುವಾಗಿದೆ, 2017ರಲ್ಲಿ ಗೂಗಲ್ ಒದಗಿಸಿದ ಕನ್ನಡದ ಧ್ವನಿ ಟೈಪಿಂಗ್ ಅದಕ್ಕೆ ಕೈಜೋಡಿಸಿದೆ. ಅಜ್ಜಿಯ ಧ್ವನಿ ಸಂದೇಶವನ್ನು ಗಮನವಿಟ್ಟು ಕೇಳಿದರೆ ಒಂದು ಸೊಗಸು ಕಾಣುತ್ತದೆ: "ಹಲೋ, ಕೇಳುಸ್ತೈತಾ?" ಎಂದು ಆರಂಭಿಸಿ, ಉತ್ತರಕ್ಕೆ ಜಾಗ ಬಿಟ್ಟು, "ಊಟ ಆತಾ?" ಎಂದು ಕೇಳಿ, ಮತ್ತೆ ಜಾಗ ಬಿಟ್ಟು, "ಆತಾ, ಸರಿ" ಎಂದು ತಾವೇ ಮುಂದುವರಿಸುತ್ತಾರೆ. ಆ ಖಾಲಿ ಜಾಗಗಳಲ್ಲಿ ಮೊಮ್ಮಗನ ಉತ್ತರ ಅವರಿಗೆ ಕೇಳಿಸಿಯೇ ಇರುತ್ತದೆ.

ಇನ್ನು ಮನೆತನದ ಗ್ರೂಪು. ಬೆಳಿಗ್ಗೆ ಆರಕ್ಕೆ ಗುಲಾಬಿ ಹೂವಿನ ಶುಭೋದಯ, ಎಂಟಕ್ಕೆ ಮಂಡಿನೋವಿಗೆ ಮನೆಮದ್ದು, ಭಾನುವಾರ ಯಾರೋ ಒಬ್ಬರ ಬೆಣ್ಣೆದೋಸೆಯ ಫೋಟೊ. ಇದು ಕಿರಿಯರಿಗೆ ಕಸವಾಗಿ ಕಾಣುತ್ತದೆ. ಆದರೆ ಮಾಹಿತಿ ದಾಟಿಸುವುದಕ್ಕಿಂತ ನಂಟನ್ನು ಊರ್ಜಿತವಾಗಿಡಲು ಆಡುವ ಮಾತುಗಳು ಎಲ್ಲ ಸಮಾಜಗಳಲ್ಲೂ ಇವೆ ಎಂದು ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ 1923ರಷ್ಟು ಹಿಂದೆಯೇ ಗುರುತಿಸಿದ್ದರು. ಬಾವಿಕಟ್ಟೆಯಲ್ಲಿ ಬಿಂದಿಗೆ ಹಿಡಿದು ಹೊರಟವಳನ್ನು "ನೀರಿಗೆ ಹೊಂಟ್ಯಾ?" ಎಂದು ಕೇಳುವವರಿಗೆ ಉತ್ತರ ಗೊತ್ತಿಲ್ಲವೆಂದಲ್ಲ. ದೊಡ್ಡಪ್ಪನ ಗುಲಾಬಿಯೂ ಅದೇ ಜಾತಿಯದು. ಅದಕ್ಕೆ ಬೇಕಾದದ್ದು ಒಂದು ನಮಸ್ಕಾರದ ಚಿತ್ರ, ಮೂರು ದಿನ ಅದು ಬಾರದಿದ್ದರೆ ಅವರು ಲೆಕ್ಕವಿಡುತ್ತಾರೆ. ಬಂದದ್ದನ್ನೆಲ್ಲ ಮುಂದೆ ದಾಟಿಸುವ ಚಾಳಿಗೆ ಮಾತ್ರ ಇದೇ ರಿಯಾಯಿತಿ ಸಲ್ಲದು. ಮಕ್ಕಳ ಕಳ್ಳರ ವದಂತಿಗಳಿಂದ ದೇಶದ ಹಲವೆಡೆ ಗುಂಪು ಹಲ್ಲೆ, ಕೊಲೆಗಳು ನಡೆದ ಮೇಲೆ, 2018ರ ಜುಲೈನಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗೆ ಮಾತ್ರ ದಾಟಿಸುವ ಮಿತಿ ಹೇರಬೇಕಾಯಿತು.

ಗ್ರೂಪಿನ ಮೂಲ ತೊಡಕು ಬೇರೆಯೇ ಇದೆ. ಮನೆಯಲ್ಲಿ ಸೊಸೆ ಮಾವನೆದುರು ಆಡುವ ಮಾತು ಒಂದು, ವಾರಗಿತ್ತಿಯೊಂದಿಗೆ ಆಡುವ ಮಾತು ಇನ್ನೊಂದು. ಪಡಸಾಲೆ, ಅಡುಗೆಮನೆ, ಜಗಲಿ ಎಂಬ ಜಾಗಗಳೇ ಈ ಭೇದವನ್ನು ಕಾಯುತ್ತಿದ್ದವು. ಗ್ರೂಪಿನಲ್ಲಿ ಗೋಡೆಗಳಿಲ್ಲ. ಸೋದರಸಂಬಂಧಿಗಳ ತಮಾಷೆ ಅಜ್ಜನ ಎದುರಿಗೇ ಬೀಳುತ್ತದೆ, ಆಸ್ತಿಯ ಮಾತು ಅಳಿಯಂದಿರ ಎದುರಿಗೆ, ರಾಜಕೀಯ ಎಲ್ಲರ ಎದುರಿಗೆ. ಜನ ಇದಕ್ಕೆ ಕಂಡುಕೊಂಡ ಪರಿಹಾರವೆಂದರೆ ಗೋಡೆಗಳನ್ನು ಮತ್ತೆ ಕಟ್ಟಿಕೊಳ್ಳುವುದು: ಅಕ್ಕತಂಗಿಯರ ಗ್ರೂಪ್ ಬೇರೆ, ಮೊಮ್ಮಕ್ಕಳ ಗ್ರೂಪ್ ಬೇರೆ, ಒಬ್ಬ ಮಾವನನ್ನು ಬಿಟ್ಟು ಉಳಿದವರೆಲ್ಲ ಇರುವ ಗ್ರೂಪ್ ಮತ್ತೊಂದು. ಮೊದಲು ಗ್ರೂಪ್ ಬಿಟ್ಟರೆ ಆ ಸುದ್ದಿ ಎಲ್ಲರ ಪರದೆಯ ಮೇಲೂ ಮೂಡುತ್ತಿತ್ತು. ಅಡ್ಮಿನ್‌ಗೆ ಮಾತ್ರ ತಿಳಿಯುವಂತೆ ಸದ್ದಿಲ್ಲದೆ ಹೊರಹೋಗುವ ವ್ಯವಸ್ಥೆಯನ್ನು ವಾಟ್ಸ್‌ಆ್ಯಪ್ 2022ರಲ್ಲಿ ಪ್ರಕಟಿಸಿತು, ಆದರೆ ನಮ್ಮಲ್ಲಿ ಅಡ್ಮಿನ್ ಆಗಿರುವವರು ಸಾಮಾನ್ಯವಾಗಿ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವವರಾಗಿರುವುದಿಲ್ಲ.

ಕೊನೆಯದಾಗಿ, ಯಾರು ಯಾರಿಗೆ ಕಲಿಸುತ್ತಾರೆ ಎಂಬ ಪ್ರಶ್ನೆ. ಹಿರಿಯರಿಂದ ಕಿರಿಯರು ಕಲಿಯುವ ಸಮಾಜ, ಸಮವಯಸ್ಕರಿಂದ ಕಲಿಯುವ ಸಮಾಜ, ಮಕ್ಕಳಿಂದ ಹಿರಿಯರು ಕಲಿಯಬೇಕಾಗುವ ಸಮಾಜ ಎಂದು ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ 1970ರಲ್ಲಿಯೇ ವಿಂಗಡಿಸಿದ್ದರು. ಚನ್ನಗಿರಿಯ ಅಡಿಕೆ ತೋಟದ ಮನೆಯಲ್ಲಿ ಮೊದಲನೆಯದೂ ಮೂರನೆಯದೂ ಒಟ್ಟಿಗೇ ನಡೆಯುತ್ತಿವೆ. ಯಾವ ಮರಕ್ಕೆ ಕೊಳೆರೋಗ ಬಂದಿದೆ ಎಂದು ನಿಂತಲ್ಲಿಂದಲೇ ಹೇಳುವ ಅಜ್ಜನಿಗೆ, 'ರಾಶಿ' ಬಗೆಯ ಅಡಿಕೆಯ ಇವತ್ತಿನ ದರವನ್ನು ಬೆಂಗಳೂರಿನಲ್ಲಿ ಕೂತ ಮೊಮ್ಮಗ ಫೋನಿನಲ್ಲಿ ನೋಡಿ ಹೇಳುತ್ತಾನೆ. ಮಾರುವ ದಿನ ನಿರ್ಧರಿಸುವ ಅಧಿಕಾರ ಹೀಗೆ ಸದ್ದಿಲ್ಲದೆ ಕೈ ಬದಲಾಯಿಸುತ್ತದೆ.

ಹಣದಲ್ಲಿ ಇದು ಇನ್ನೂ ಸೂಕ್ಷ್ಮ. ಮನಿ ಆರ್ಡರನ್ನು ಅಂಚೆಯವನು ಅಜ್ಜಿಯ ಕೈಗೇ ಎಣಿಸಿ ಕೊಡುತ್ತಿದ್ದ, ಫಾರಂನ ತುದಿಯಲ್ಲಿ ಮಗ ಬರೆದ ಎರಡು ಸಾಲನ್ನು ಓದಿಯೂ ಹೇಳುತ್ತಿದ್ದ. 2023ರ ಆಗಸ್ಟ್ 30ರಂದು ಚಾಲನೆ ಪಡೆದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೇ ಬರುತ್ತದೆ, ಆದರೆ ಬಂದಿದೆ ಎಂಬ ಸಂದೇಶವನ್ನು ಓದಿ ಹೇಳುವವನು ಮೊಮ್ಮಗ, ಪಿನ್ ಗೊತ್ತಿರುವುದೂ ಅವನಿಗೇ. ಆ ಹುಡುಗ ಒಳ್ಳೆಯವನೇ ಇರಬಹುದು. ಆದರೂ ತನ್ನ ದುಡ್ಡು ಬಂತೇ ಎಂದು ದಿನವೂ ಕೇಳಬೇಕಾದ ಅಜ್ಜಿಯ ಯಜಮಾನಿಕೆ ಕಾಗದದ ಮೇಲಿನದಾಗುತ್ತದೆ. ಕೇಳಲು ನಾಚಿ ತಾವೇ ಏನೋ ಒತ್ತಿದವರು ವಂಚಕರ ಕೈಗೆ ಸಿಗುತ್ತಾರೆ. ಪೊಲೀಸರೆಂದು ಹೇಳಿಕೊಂಡು ವಿಡಿಯೊ ಕರೆಯಲ್ಲಿ 'ಡಿಜಿಟಲ್ ಅರೆಸ್ಟ್' ಮಾಡುವವರು ನೆಚ್ಚುವುದು ಈ ನಾಚಿಕೆಯನ್ನೇ, ಅದಕ್ಕಾಗಿಯೇ "ಮನೆಯವರಿಗೆ ಹೇಳಬೇಡಿ" ಎನ್ನುತ್ತಾರೆ. ಅಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲ. ಹಣ ಹೋದದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಹಾಗಾಗಿ ಮನೆಯಲ್ಲಿ ಫೋನು ಕಲಿಸುವ ಬಗೆಯ ಮೇಲೆ ಬಹಳಷ್ಟು ನಿಂತಿದೆ. ಸಾಮಾನ್ಯವಾಗಿ ನಡೆಯುವುದು ಹೀಗೆ: ಅಜ್ಜಿ ಕೇಳುತ್ತಾರೆ, ಮೊಮ್ಮಗ ಫೋನು ಕಸಿದು ನಾಲ್ಕು ಕಡೆ ಒತ್ತಿ "ಆಯ್ತು" ಎಂದು ಹಿಂದಿರುಗಿಸುತ್ತಾನೆ, ನಾಳೆ ಅದೇ ಪ್ರಶ್ನೆ ಮತ್ತೆ ಬರುತ್ತದೆ, "ಎಷ್ಟು ಸಲ ಹೇಳ್ಲಿ?" ಎಂಬ ಸಿಡುಕೂ ಬರುತ್ತದೆ. ಅವನು ಹೇಳಿರುವುದಿಲ್ಲ, ಮಾಡಿರುತ್ತಾನಷ್ಟೆ. ಬೆರಳು ಯಾವ ಚಿತ್ರದಿಂದ ಯಾವ ಚಿತ್ರಕ್ಕೆ ಹೋಯಿತೆಂದು ಅಜ್ಜಿಯ ಕಣ್ಣಿಗೆ ಕಂಡಿರುವುದೂ ಇಲ್ಲ. ಅಕ್ಷರದ ಗಾತ್ರ ಹಿಗ್ಗಿಸಿ, ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಬೇಕಾದ ಮೂರೇ ಆ್ಯಪ್‌ಗಳ ಚಿತ್ರಗಳನ್ನು ಪರದೆಯ ಮೊದಲ ಪುಟದಲ್ಲಿ ಉಳಿಸಿ, ಫೋನನ್ನು ಅಜ್ಜಿಯ ಕೈಯಲ್ಲೇ ಬಿಟ್ಟು, ಒಂದು ಹೆಜ್ಜೆಯನ್ನು ಅವರೇ ನಾಲ್ಕೈದು ಸಲ ಒತ್ತುವವರೆಗೆ ಪಕ್ಕದಲ್ಲಿ ಕೂತರೆ ಸಾಕು. ಹೀಗೆ ಕಲಿತವರು ಮೊದಲು ಮಾಡುವ ಕೆಲಸ ಸಾಮಾನ್ಯವಾಗಿ ಖಾತೆಯ ಸಂದೇಶ ನೋಡುವುದಾಗಿರುವುದಿಲ್ಲ. ಊರಿಂದೂರಿಗೆ ಮದುವೆಯಾಗಿ ಹೋಗಿ ಎಷ್ಟೋ ವರ್ಷ ಮಾತಿಗೆ ಸಿಗದಿದ್ದ ತಂಗಿಯ ನಂಬರನ್ನು ಹುಡುಕಿಸಿಕೊಂಡು ಕರೆ ಮಾಡುತ್ತಾರೆ.